ಮಾಲೀಕರ ಸುದ್ದಿ ಪಾಡಿಗೂ ಬರಲಿ



ಹೋದ ಮಳೆಗಾಲದ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಹತ್ತು ಹನ್ನೆರಡು ಜನ ದೇವಾಲಯದ ಜಗಲಿಯಲ್ಲೇ ಉಳಿದುಕೊಂಡೆವು. ಗೂಡಲೂರು ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಕೊಡೆ ಇದ್ದವರು ಹೋದರು, ಇಲ್ಲದವರು ಕೂತರು. ನಮ್ಮ ಸಭೆಯ ಹುಡುಗನೊಬ್ಬ ಆಸ್ಟ್ರೇಲಿಯಾ ದೇಶದ ಒಂದು ಸಣ್ಣ ಪಟ್ಟಣದಲ್ಲಿ ಹೋಟೆಲಿನ ಅಡುಗೆ ಕೆಲಸಕ್ಕಿದ್ದಾನೆ. ಅವನು ತಾಯಿಯ ಫೋನಿಗೆ ಯಾವುದೋ ಇಂಗ್ಲಿಷ್ ಕಾಗದದ ಫೋಟೋ ಕಳಿಸಿದ್ದ. ಇಂಗ್ಲಿಷ್ ಕಾಗದ ಬಂತೆಂದರೆ ಮಗನಿಗೆ ಏನೋ ಆಗಿರಬೇಕೆಂದು ತಾಯಿಗೆ ಹೆದರಿಕೆ. ಶಾಲೆಯ ಟೀಚರಮ್ಮನ ಕೈಗೆ ಫೋನು ಕೊಟ್ಟು, "ಏನಿದೆ ನೋಡಿ ಟೀಚರಮ್ಮ" ಎಂದರು.

ಹೆದರುವಂಥದ್ದೇನೂ ಇರಲಿಲ್ಲ. ಆ ಊರಿನ ವಾಣಿಜ್ಯ ಮಂಡಳಿಯವರು ಅಂಗಡಿ, ಹೋಟೆಲು, ವರ್ಕ್‌ಶಾಪು, ಹಾಲಿನ ಫಾರಂ ಇವುಗಳ ಮಾಲೀಕರಿಗೆ ತಿಂಗಳಿಗೊಮ್ಮೆ ಕಳಿಸುವ ಪ್ರಕಟಣೆ ಅದು. ಹೋಟೆಲಿನ ಯಜಮಾನರು ಅಡುಗೆಮನೆಯ ಗೋಡೆಗೆ ಅಂಟಿಸಿದ್ದರಂತೆ. ಹುಡುಗ ಕಂಡು ಕಳಿಸಿದ್ದಾನೆ. ಮೊದಲ ಭಾಗದಲ್ಲಿ, ತೆರಿಗೆ ಲೆಕ್ಕ ಬರೆಯಲು ಸಹಾಯ ಎಲ್ಲಿ ಸಿಗುತ್ತದೆ, ಸಣ್ಣ ವ್ಯಾಪಾರದವರಿಗೆ ಸಲಹೆ ಯಾರು ಕೊಡುತ್ತಾರೆ ಎಂಬ ವಿವರ. ಎರಡನೆಯದರಲ್ಲಿ ಆ ತಿಂಗಳ ಸಭೆಗಳು. ಬೆಳಿಗ್ಗೆ ಏಳು ಗಂಟೆಗೆ ತಿಂಡಿಯೊಂದಿಗೆ ಮಾಲೀಕರ ಸಭೆ ಎಂದು ಟೀಚರಮ್ಮ ಓದಿದಾಗ ನಮ್ಮ ಹೆಂಗಸರು ನಕ್ಕರು. ಏಳು ಗಂಟೆಗೆ ನಮ್ಮಲ್ಲಿ ಹಾಜರಿ ಕೂಗುತ್ತಿರುತ್ತಾರೆ. ಮೂರನೆಯ ಭಾಗ, ಪರದೇಶದಿಂದ ಕುಶಲ ಕೆಲಸಗಾರರನ್ನು ಕರೆಸಿಕೊಳ್ಳುವ ಮಾಲೀಕರ ಗಮನಕ್ಕೆ ಎಂಬುದು. ಕೆಲಸಗಾರನನ್ನು ಸ್ಪಾನ್ಸರ್ ಮಾಡುವ ಮಾಲೀಕನು ಸರ್ಕಾರಕ್ಕೆ ಇಂತಿಷ್ಟು ಹಣ ಕಟ್ಟಬೇಕು, ಆ ಹಣವನ್ನು ಕೆಲಸಗಾರನಿಂದ ವಸೂಲು ಮಾಡತಕ್ಕದ್ದಲ್ಲ, ಸ್ಪಾನ್ಸರ್ ಮಾಡುವುದಕ್ಕೆ ಪ್ರತಿಯಾಗಿ ಹಣ ಕೇಳುವುದು ಅಪರಾಧ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಅಷ್ಟರವರೆಗೆ ಮಳೆಯನ್ನು ನೋಡುತ್ತ ಕೂತಿದ್ದ ನಮ್ಮ ಸಭೆಯ ಒಬ್ಬ ಚಿಕ್ಕಮ್ಮ ಈ ಕಡೆ ತಿರುಗಿ, "ಹಾಗಾದರೆ ನಾವು ಕಟ್ಟಿದ್ದು ಯಾರ ಬಾಬ್ತಿನ ದುಡ್ಡು, ಉಪದೇಶಿಗಳೇ?" ಎಂದು ಕೇಳಿದರು. ನಮಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಏಕೆ ಬರಲಿಲ್ಲವೆಂಬುದನ್ನು ಮುಚ್ಚಿಡದೆ ಹೇಳಬೇಕು. ಈ ಚಿಕ್ಕಮ್ಮನ ಮಗಳು ನರ್ಸಿಂಗ್ ಓದಿ ಕೋಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಆಸ್ಟ್ರೇಲಿಯಾದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಗಳಲ್ಲಿ ಕೆಲಸವಿದೆ, ಸ್ಪಾನ್ಸರ್ ನಾವು ಮಾಡಿಸಿಕೊಡುತ್ತೇವೆ ಎಂದು ಪೇಟೆಯ ಏಜೆಂಟರೊಬ್ಬರು ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಕೇಳಿದರು. ಚಿಕ್ಕಮ್ಮನ ಮೂರು ಪವನಿನ ಸರ ಅಡವಿಗೆ ಹೋಯಿತು. ಇಪ್ಪತ್ತಾರು ವರ್ಷ ಎಲೆ ಕಿತ್ತು ಸೇರಿಸಿದ ಪಿ.ಎಫ್. ಹಣದಲ್ಲಿ ಮುಂಗಡ ತೆಗೆದರು. ಏಜೆಂಟಿಗೆ ಕೊಡುವುದಕ್ಕೆಂದು ಪಿ.ಎಫ್. ಮುಂಗಡ ಸಿಗುವುದಿಲ್ಲವಾದ್ದರಿಂದ ಅರ್ಜಿಯಲ್ಲಿ ಮಗಳ ಮದುವೆ ಎಂದು ಕಾರಣ ಬರೆಯಲಾಯಿತು. ಇ-ಸೇವೆ ಕೇಂದ್ರದಲ್ಲಿ ಕೂತು ಆ ಅರ್ಜಿಯನ್ನು ತುಂಬಿಸಿದವರು ನಾವೇ. ಮಗಳು ಮುಂದೆ ಬರಲಿ ಎಂಬ ಒಂದೇ ಆಸೆಯಿಂದ ಮಾಡಿದೆವು, ಮಾಡಬಾರದ್ದನ್ನು ಮಾಡಿದೆವು. ಹದಿನಾಲ್ಕು ತಿಂಗಳಾದ ಮೇಲೆ ಏಜೆಂಟರು, ಈಗ ಸ್ಪಾನ್ಸರ್ ಕಷ್ಟ, ಮೊದಲು ವಿದ್ಯಾರ್ಥಿಯಾಗಿ ಹೋಗಲಿ, ಆಮೇಲೆ ನೋಡೋಣ ಎಂದು ರಾಗ ಬದಲಿಸಿದರು. ಸಂಘದ ಕಾಗದದ ಮೇಲೆ ಬರೆದುಕೊಂಡು ನಾವು ಎರಡು ಸಲ ಹೋದ ಮೇಲೆ ಒಂದು ಲಕ್ಷದ ಹತ್ತು ಸಾವಿರ ಹಿಂದಕ್ಕೆ ಬಂತು. ಉಳಿದದ್ದು ಬಂದಿಲ್ಲ.

ಈಗ ಆ ಪ್ರಕಟಣೆಯ ಮಾತಿಗೆ ಬರೋಣ. ಅಲ್ಲಿ ಬರೆದದ್ದು ಆ ಊರಿನ ಮಂಡಳಿಯ ಉದಾರತೆಯಲ್ಲ, ಆ ದೇಶದ ಕಾನೂನು. ೨೦೧೫ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದಲ್ಲಿ ವೀಸಾ ಸ್ಪಾನ್ಸರ್ ಮಾಡುವುದಕ್ಕೆ ಪ್ರತಿಯಾಗಿ ಹಣವನ್ನಾಗಲಿ ಇನ್ನಾವ ಲಾಭವನ್ನಾಗಲಿ ಕೇಳುವುದು, ಪಡೆಯುವುದು ಜೈಲುಶಿಕ್ಷೆಯ ಅಪರಾಧ. ನಮ್ಮವರು ಚೆನ್ನಾಗಿ ತಿಳಿಯಬೇಕಾದ ಇನ್ನೊಂದು ಮಾತಿದೆ. ಕೊಡುವವನಿಗೂ ದಂಡ ಹಾಕಬಹುದು, ಅವನ ವೀಸಾ ರದ್ದಾಗಬಹುದು. ಅಂದರೆ ಏಜೆಂಟ್ ಬರೆದುಕೊಟ್ಟ 'ಸ್ಪಾನ್ಸರ್ ಫೀಸು' ಎಂಬ ರಸೀತಿಯನ್ನು ಭದ್ರವಾಗಿ ಪೆಟ್ಟಿಗೆಯಲ್ಲಿಟ್ಟುಕೊಂಡವರು ತಮ್ಮ ಮಕ್ಕಳ ಮೇಲಿನ ಸಾಕ್ಷಿಯನ್ನೇ ಇಟ್ಟುಕೊಂಡ ಹಾಗಾಗಬಹುದು.

೨೦೧೮ರ ಆಗಸ್ಟ್‌ನಿಂದ ಮಾಲೀಕನು ಕೆಲಸಗಾರನನ್ನು ಹೆಸರಿಸುವಾಗ ಅಲ್ಲಿನ ಕೆಲಸ ಕಲಿಸುವ ನಿಧಿಗೆ ಒಂದು ತೆರಿಗೆ ಕಟ್ಟಬೇಕೆಂಬ ನಿಯಮ ಬಂತು. ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಕಡಿಮೆ ವಹಿವಾಟಿನ ಮಾಲೀಕನು ತಾತ್ಕಾಲಿಕ ವೀಸಾದ ಪ್ರತಿ ವರ್ಷಕ್ಕೆ ೧,೨೦೦ ಡಾಲರ್, ಅದಕ್ಕಿಂತ ದೊಡ್ಡವನು ೧,೮೦೦ ಡಾಲರ್ ಎಂದು ಗೊತ್ತು ಮಾಡಿದರು. ಹೊರಗಿನಿಂದ ಆಳು ಕರೆಸುವವನು ತನ್ನ ಊರಿನ ಮಕ್ಕಳಿಗೆ ಕೆಲಸ ಕಲಿಸುವುದಕ್ಕೂ ಕೊಡಲಿ ಎಂಬ ವಿಚಾರ ಅದರ ಹಿಂದಿದೆ. ಈ ಹಣವನ್ನು ಕೆಲಸಗಾರನ ತಲೆಗೆ ಕಟ್ಟುವಂತಿಲ್ಲ. ಹಾಗೆಂದು ಕೆಲಸಗಾರನಿಗೆ ಏನೂ ಖರ್ಚಿಲ್ಲವೆಂದು ನಾವು ಹೇಳುವುದಿಲ್ಲ. ಇಂಗ್ಲಿಷ್ ಪರೀಕ್ಷೆಯ ಶುಲ್ಕ, ಕುಶಲತೆಯ ಪರಿಶೀಲನೆಯ ಶುಲ್ಕ, ತನ್ನ ವೀಸಾ ಅರ್ಜಿಯ ಶುಲ್ಕ ಇವು ಅವನ ಮೇಲೆ ಬೀಳಬಹುದು. ಅರ್ಜಿ ತುಂಬಿಸಿ ಸಲಹೆ ಕೊಟ್ಟವರಿಗೆ ನ್ಯಾಯವಾದ ಫೀಸು ಕೊಡುವುದೂ ತಪ್ಪಲ್ಲ. ತಪ್ಪಿರುವುದು ಸ್ಪಾನ್ಸರ್ ಎಂಬುದಕ್ಕೇ ಬೆಲೆ ಕಟ್ಟುವುದರಲ್ಲಿ.

ಮತ್ತೊಂದು ಸಂಗತಿಯನ್ನು ಆ ಪ್ರಕಟಣೆ ಓದಿದ ಯಾರೂ ತಿಳಿಯುತ್ತಾರೆ. ಸ್ಪಾನ್ಸರ್ ಎಂಬುವನು ಒಬ್ಬ ಹೆಸರುಳ್ಳ ಮಾಲೀಕನೇ ಆಗಿರಬೇಕು. ಅವನು ಮೊದಲು ಸರ್ಕಾರದಿಂದ ಸ್ಪಾನ್ಸರ್ ಎಂದು ಒಪ್ಪಿಗೆ ಪಡೆದು, ಇಂಥ ಕೆಲಸಕ್ಕೆ ಇಂಥವರನ್ನು ಎಂದು ಹೆಸರಿಸಬೇಕು. ಕೆಲವು ದೂರದ ಪ್ರದೇಶಗಳಿಗೆ ಕೇಂದ್ರ ಸರ್ಕಾರದೊಡನೆ ಪ್ರತ್ಯೇಕ ಒಪ್ಪಂದಗಳಿವೆ. ಉತ್ತರ ಪ್ರಾಂತ್ಯಕ್ಕೆ ಮೊದಲು ಆಯಿತು, ವಾರ್ನಂಬೂಲ್ ನಗರದ ಸುತ್ತಿನ ಪ್ರದೇಶಕ್ಕೆ ೨೦೧೯ರಲ್ಲಿ ಜಾರಿಗೆ ಬಂತು. ಅಂಥ ಕಡೆ ಮಾಲೀಕನು ಮೊದಲು ಆ ಊರಿನ ನಗರಸಭೆಯನ್ನೋ ವಾಣಿಜ್ಯ ಮಂಡಳಿಯನ್ನೋ ಕೇಳಿ ಅವರ ಶಿಫಾರಸು ಪಡೆದ ಮೇಲೆಯೇ ಮುಂದಿನ ಹೆಜ್ಜೆ. ಆ ಕಾರಣದಿಂದಲೇ ಆ ಮಂಡಳಿಗಳು ಈ ಸುದ್ದಿಯನ್ನೆಲ್ಲ ಮಾಲೀಕರಿಗೆ ತಿಂಗಳು ತಿಂಗಳು ಕಳಿಸುವುದು. ನಮ್ಮ ಚಿಕ್ಕಮ್ಮನ ಮಗಳ ಮಾಲೀಕ ಯಾರು, ಯಾವ ಊರು, ವೃದ್ಧರ ಮನೆಯ ಹೆಸರೇನು ಎಂದು ಹದಿನಾಲ್ಕು ತಿಂಗಳಲ್ಲಿ ಏಜೆಂಟ್ ಒಮ್ಮೆಯೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಬೇಕೆಂದು ನಮಗೆ ಗೊತ್ತಿರಲಿಲ್ಲ.

ಇನ್ನು ಆ ವೃದ್ಧರ ಮನೆಗಳ ಕೆಲಸದ ವಿಷಯ ಕೇಳಿ. ೨೦೨೩ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾ ಸರ್ಕಾರ ವೃದ್ಧರ ಆರೈಕೆಯ ಕ್ಷೇತ್ರಕ್ಕೆಂದೇ ಒಂದು ಒಪ್ಪಂದದ ಮಾದರಿ ತಂದಿತು. ಆರೈಕೆಯ ಕೆಲಸಕ್ಕೆ ಪರದೇಶದವರನ್ನು ಆ ಒಪ್ಪಂದದ ಮೇಲೆ ಕರೆಸುವ ಮಾಲೀಕನು ಮೊದಲು ಆ ಕ್ಷೇತ್ರದ ಕಾರ್ಮಿಕ ಸಂಘದೊಡನೆ ತಿಳುವಳಿಕೆ ಪತ್ರ ಮಾಡಿಕೊಳ್ಳಬೇಕು. ಇದನ್ನು ತಿಳಿದಾಗ ನಾವು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆವು. ಸಂಘದ ಜೊತೆ ಕೂತು ಮಾತಾಡದ ಮಾಲೀಕನಿಗೆ ಆ ದಾರಿಯೇ ಇಲ್ಲ. ನಮ್ಮ ತೋಟಗಳಲ್ಲಿ ಬೋನಸ್ಸಿನ ಕಾಗದಕ್ಕೆ ಸಂಘದ ಕಡೆಯವರು ಆಫೀಸಿನ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತಿರುತ್ತಾರೆ ಎಂಬುದನ್ನು ಬಲ್ಲ ನಮಗೆ ಇದು ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ಆಸ್ಟ್ರೇಲಿಯಾ ಸ್ವರ್ಗವೆಂದು ಹೇಳುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಹಣ್ಣು ತರಕಾರಿ ಕೀಳುವ ಪರದೇಶಿ ಕೆಲಸಗಾರರಿಗೆ ಅಲ್ಲಿಯೂ ಬುಟ್ಟಿ ಲೆಕ್ಕದಲ್ಲಿ ಕೂಲಿ ಕೊಟ್ಟು, ದಿನವೆಲ್ಲ ಕಿತ್ತರೂ ಕನಿಷ್ಠ ಕೂಲಿ ಹುಟ್ಟದ ಹಾಗೆ ಮಾಡಿದ್ದುಂಟು. ಅಲ್ಲಿನ ಕಾರ್ಮಿಕ ಸಂಘದವರು ಅದರ ವಿರುದ್ಧ ಅರ್ಜಿ ಹಾಕಿ ಗೆದ್ದ ಮೇಲೆ, ೨೦೨೨ರ ಏಪ್ರಿಲ್‌ನಿಂದ ಎಷ್ಟೇ ಕಿತ್ತರೂ ಗಂಟೆಗೆ ಇಂತಿಷ್ಟಕ್ಕೆ ಕಡಿಮೆಯಿಲ್ಲ ಎಂಬ ಖಾತ್ರಿ ಬಂತು. ಕಿಲೋ ಲೆಕ್ಕದ ಕಷ್ಟ ಏನೆಂಬುದನ್ನು ನಮ್ಮ ಅಕ್ಕತಂಗಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ಪಾನ್ಸರ್ ಮಾಡಿದ ಮಾಲೀಕನ ಕೈಯಲ್ಲೇ ವೀಸಾ ಇರುವುದರಿಂದ ಬಾಯಿ ಬಿಡಲಾಗದೆ ನರಳಿದವರೂ ಎಷ್ಟೋ ಮಂದಿ. ಮೊದಲು ಮಾಲೀಕನನ್ನು ಬಿಟ್ಟರೆ ೬೦ ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕಿತ್ತು, ಇಲ್ಲವಾದರೆ ದೇಶ ಬಿಡಬೇಕಿತ್ತು. ೨೦೨೪ರ ಜುಲೈ ೧ರಿಂದ ಅದನ್ನು ೧೮೦ ದಿನಕ್ಕೆ ಏರಿಸಿದರು. ಆ ಅವಧಿಯಲ್ಲಿ ಬೇರೆ ಕಡೆ ದುಡಿಯಲೂಬಹುದು. ಅದೇ ದಿನದಿಂದ, ವೀಸಾ ಹೆಸರು ಹೇಳಿ ಹೆದರಿಸಿ ದುಡಿಸಿಕೊಳ್ಳುವುದನ್ನು ಅಪರಾಧವೆಂದು ಮಾಡಿದರು. ಹೋಟೆಲಿನ ನಮ್ಮ ಹುಡುಗನಿಗೆ ಈ ಮಾತು ಗೊತ್ತಿರಲಿಲ್ಲ, ಪ್ರಕಟಣೆ ನೋಡಿದ ಮೇಲೆ ತಿಳಿಯಿತು ಎಂದು ತಾಯಿಗೆ ಹೇಳಿದನಂತೆ. ಅವನ ಯಜಮಾನರು ಒಳ್ಳೆಯವರೇ. ಆದರೂ ಬಾಗಿಲು ಎಲ್ಲಿದೆ ಎಂದು ತಿಳಿದು ಮನೆಯೊಳಗಿರುವುದು ಬೇರೆ.

ಸಂಬಳದ ಮಾತು. ೨೦೨೫ರ ಜುಲೈ ೧ರಿಂದ ಸಾಮಾನ್ಯ ಕುಶಲ ವೀಸಾದ ಮೇಲೆ ಕರೆಸುವವರಿಗೆ ವರ್ಷಕ್ಕೆ ೭೬,೫೧೫ ಡಾಲರಿಗೆ ಕಡಿಮೆ ಇರಬಾರದೆಂದು ಗೊತ್ತು ಮಾಡಿದರು. ವೃದ್ಧರ ಆರೈಕೆಯ ಒಪ್ಪಂದ, ಪ್ರದೇಶಗಳ ಒಪ್ಪಂದ ಇವುಗಳಲ್ಲಿ ಅದಕ್ಕಿಂತ ಕೆಳಗೆ ಹೋಗಲು ಅವಕಾಶವುಂಟು. ಆದರೆ ಅದೇ ಕೆಲಸ ಮಾಡುವ ಆ ಊರಿನವರಿಗೆ ಸಿಗುವುದಕ್ಕಿಂತ ಕಡಿಮೆ ಕೊಡುವಂತಿಲ್ಲ. ಏಜೆಂಟ್ ಸೂಚಿಸಿದ ವಿದ್ಯಾರ್ಥಿ ವೀಸಾದ ದಾರಿ ಬೇರೆಯೇ. ಓದು ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ ೪೮ ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂದು ೨೦೨೩ರ ಜುಲೈನಲ್ಲಿ ನಿಯಮವಾಯಿತು. ಒಂದು ವರ್ಷದ ಜೀವನಕ್ಕೆ ೨೯,೭೧೦ ಡಾಲರ್ ಕೈಯಲ್ಲಿದೆಯೆಂದು ತೋರಿಸಬೇಕೆಂದು ೨೦೨೪ರ ಮೇ ತಿಂಗಳಲ್ಲಿ ಗೊತ್ತು ಮಾಡಿದರು. ನಮ್ಮ ಲೆಕ್ಕದಲ್ಲಿ ಹದಿನೈದು ಲಕ್ಷ ರೂಪಾಯಿಗೂ ಮೇಲಾಯಿತು. ಪಾಡಿಯಲ್ಲಿ ಯಾರ ಮನೆಯಲ್ಲಿದೆ?

ನಮ್ಮ ಹಿರಿಯರು ಈ ಬೆಟ್ಟಕ್ಕೆ ಬಂದದ್ದು ಹೇಗೆಂಬುದನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲಾಗದು. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಮೇಸ್ತ್ರಿ ಕರೆತಂದ. ಕೈಗೆ ಮುಂಗಡ ಕೊಟ್ಟ. ಆ ಮುಂಗಡ ತೀರುವವರೆಗೆ ತೋಟ ಬಿಡುವಂತಿಲ್ಲ. ತೀರುವ ಹೊತ್ತಿಗೆ ಅಂಗಡಿಯ ಸಾಲ ಬೆಳೆದಿರುತ್ತಿತ್ತು. ೧೯೦೩ರಲ್ಲಿ ಮದ್ರಾಸ್ ಸರ್ಕಾರ ತೋಟದ ಕೂಲಿಗಳಿಗೆಂದೇ ಒಂದು ಕಾಯಿದೆ ಮಾಡಿ, ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಸೆರೆಗೆ ಕಳಿಸಲು ಅವಕಾಶ ಕೊಟ್ಟಿತು. ಮೇಸ್ತ್ರಿಯ ಕಮಿಷನ್ ಎಷ್ಟೆಂದು ದೊರೆಗೆ ಗೊತ್ತಿತ್ತು, ಮೇಸ್ತ್ರಿಗೆ ಗೊತ್ತಿತ್ತು. ಕೂಲಿಯವನಿಗೆ ಗೊತ್ತಿರಲಿಲ್ಲ. ಅಂದಿನ ಮೇಸ್ತ್ರಿ ಮುಂಗಡ ಕೊಟ್ಟು ಕರೆದೊಯ್ಯುತ್ತಿದ್ದ, ಇಂದಿನ ಏಜೆಂಟ್ ಮುಂಗಡ ತೆಗೆದುಕೊಂಡು ಕರೆದೊಯ್ಯುತ್ತೇನೆ ಎನ್ನುತ್ತಾನೆ. ಹಾಗೆ ನೋಡಿದರೆ ಮೇಸ್ತ್ರಿಯೇ ವಾಸಿ, ಅವನು ತೋಟಕ್ಕಾದರೂ ತಲುಪಿಸಿದ.

ನಮ್ಮ ದೇಶದಲ್ಲಿ ಕಾನೂನೇ ಇಲ್ಲವೆಂದಲ್ಲ. ೧೯೮೩ರ ವಲಸೆ ಕಾಯಿದೆಯ ಪ್ರಕಾರ, ಪರದೇಶದ ಕೆಲಸಕ್ಕೆ ಜನರನ್ನು ಗೊತ್ತು ಮಾಡುವವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಕೂಲಿ ಕೆಲಸ, ಹೋಟೆಲ್ ಕೆಲಸ, ಲಾರಿ ಓಡಿಸುವುದು, ಮೆಕ್ಯಾನಿಕ್, ನರ್ಸ್ ಇವೆಲ್ಲ ಆ ಕಾಯಿದೆಯೊಳಗೇ ಇವೆ. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಗರಿಷ್ಠ ಹಣ ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂದು ನಿಯಮದಲ್ಲಿ ಕಟ್ಟಿದ್ದಾರೆ, ಅದಕ್ಕೂ ರಸೀತಿ ಕೊಡಬೇಕು. ನೋಂದಾಯಿತ ಏಜೆಂಟರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಯಾರೂ ನೋಡಬಹುದು. ನಮ್ಮ ಪೇಟೆಯ ಏಜೆಂಟರ ಗೋಡೆಯ ಮೇಲೆ ನಾವು ಕಂಡದ್ದು ಅಂಗಡಿ ಲೈಸೆನ್ಸು ಮಾತ್ರ. ಕೇಳಿದರೆ, "ನಾವು ಕೆಲಸ ಕೊಡಿಸುವವರಲ್ಲ, ವೀಸಾ ಸಲಹೆಗಾರರು" ಎಂಬ ಉತ್ತರ. ಹಣ ತೆಗೆದುಕೊಳ್ಳುವಾಗ ಕೆಲಸ ಕೊಡಿಸುವವರು, ಕಾನೂನು ಕೇಳಿದಾಗ ಸಲಹೆಗಾರರು. ೨೦೨೫ರಲ್ಲಿ ಕೇಂದ್ರ ಸರ್ಕಾರ ಈ ಹಳೆಯ ಕಾಯಿದೆಯ ಜಾಗಕ್ಕೆ ಹೊಸದೊಂದರ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತ್ತು. ನಮ್ಮ ಸಂಘದಿಂದ ಒಂದು ಸಾಲೂ ಹೋಗಲಿಲ್ಲ. ಕರಡು ಬಂದದ್ದೇ ನಮಗೆ ಆಮೇಲೆ ತಿಳಿಯಿತು.

ಹಣವಿಲ್ಲದೆ ಹೋಗುವ ದಾರಿ ಇದೆಯೇ ಎಂದು ಕೇಳುವವರಿಗೆ, ಇದೆ ಎಂದು ಹೇಳುತ್ತೇವೆ. ೨೦೨೧ರ ಡಿಸೆಂಬರ್‌ನಲ್ಲಿ ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ ಜರ್ಮನಿಯ ಸರ್ಕಾರಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ನರ್ಸುಗಳನ್ನು ಕಳಿಸಲು ತೊಡಗಿತು. ಭಾಷೆ ಕಲಿಸುವ ಖರ್ಚೂ ನರ್ಸಿನ ಮೇಲಿಲ್ಲ. ಕೇರಳದಲ್ಲಿ ೧೯೭೭ರಿಂದ ಒಡೆಪೆಕ್ ಎಂಬ ಸರ್ಕಾರಿ ಕಂಪೆನಿ ಇದೆ, ನಮ್ಮ ತಮಿಳುನಾಡಿನಲ್ಲಿ ೧೯೭೮ರಿಂದ ಪರದೇಶದ ಉದ್ಯೋಗಕ್ಕೆಂದೇ ಸರ್ಕಾರಿ ನಿಗಮ ಇದೆ. ಪಾಡಿಯಲ್ಲಿ ಎಷ್ಟು ಮನೆಗೆ ಇವುಗಳ ಹೆಸರು ಗೊತ್ತು? ಏಜೆಂಟರ ಬೋರ್ಡು ಬಸ್‌ಸ್ಟ್ಯಾಂಡಿನಲ್ಲಿದೆ, ನಿಗಮದ ಬೋರ್ಡು ಚೆನ್ನೈಯಲ್ಲಿದೆ.

ಮಕ್ಕಳನ್ನು ಹೊರಗೆ ಕಳಿಸುವ ಮಾತನ್ನೇ ಸಂಘದವರು ಆಡಬಾರದು, ತೋಟ ಖಾಲಿಯಾದರೆ ಸಂಘವೂ ಖಾಲಿ ಎಂದು ನಮ್ಮ ಹಿರಿಯ ಕಾರ್ಯಕರ್ತರೊಬ್ಬರು ವಾದಿಸುತ್ತಾರೆ. ಅವರ ಮೇಲೆ ನಮಗೆ ಗೌರವವಿದೆ. ಆದರೆ ಮಾಲೀಕರಂತೂ ಈ ವಿಷಯ ಮಾತಾಡುವುದನ್ನು ನಿಲ್ಲಿಸಿಲ್ಲ. ೧೮೯೩ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ತೋಟಗಾರರ ಸಂಘ, ಉಪಾಸಿ, ಇಲ್ಲೇ ಕೂನೂರಿನಲ್ಲಿದೆ. ವರ್ಷಕ್ಕೊಮ್ಮೆ ಅವರ ದೊಡ್ಡ ಸಮ್ಮೇಳನ ನಡೆಯುತ್ತದೆ. ಆಳು ಸಿಗುತ್ತಿಲ್ಲ ಎಂಬುದು ತೋಟಗಾರರ ಹಳೆಯ ದೂರು. ಆಳು ಸಾಲದೆಂದು ಜಾರ್ಖಂಡ್, ಅಸ್ಸಾಂ ಕಡೆಯಿಂದ ಅಣ್ಣತಮ್ಮಂದಿರನ್ನು ಕರೆಸಿ ನಮ್ಮ ಪಕ್ಕದ ಪಾಡಿಗಳಲ್ಲಿ ಇರಿಸಿದ್ದಾರೆ. ಅವರು ರೈಲಿಗೆ ಕೊಟ್ಟದ್ದು ಯಾರ ದುಡ್ಡು? ೧೯೭೯ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಪ್ರಯಾಣದ ಖರ್ಚನ್ನು ಕರೆತರುವವನ ಮೇಲೆ ಹಾಕಿತ್ತು. ೨೦೨೫ರ ನವೆಂಬರ್ ೨೧ರಿಂದ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಊರಿಗೆ ಹೋಗಿಬರುವ ಖರ್ಚು ಮಾಲೀಕನ ಹೊಣೆಯೆಂದೇ ಇದೆ. ನಾವು ಭಾಷೆ ಬಾರದೆ ಕೈಸನ್ನೆಯಲ್ಲಿ ವಿಚಾರಿಸಿದಾಗ, ಆ ಹುಡುಗರು ಗುತ್ತಿಗೆದಾರನ ಹೆಸರು ಹೇಳಿ ತಮ್ಮ ಸಂಬಳದಲ್ಲಿ ಹಿಡಿಯುತ್ತಾರೆಂದು ತೋರಿಸಿದರು. ಚಿಕ್ಕಮ್ಮನ ಪ್ರಶ್ನೆ ಅವರದೂ ಹೌದು.

ಇನ್ನು ಕುಶಲತೆ ಎಂಬ ಮಾತು. ಇದರಲ್ಲಿ ನಮ್ಮ ತೋಟದ ಆಡಳಿತದವರೊಡನೆ ನಮಗೊಂದು ತಕರಾರಿದೆ. ನಮ್ಮ ಫ್ಯಾಕ್ಟರಿಯಲ್ಲಿ ಒಬ್ಬ ಅಣ್ಣ ಹದಿನೇಳು ವರ್ಷದಿಂದ ಯಂತ್ರ ನೋಡಿಕೊಳ್ಳುತ್ತಾನೆ. ಎಲೆ ಅರೆಯುವ ರೋಲರಿನ ಹಲ್ಲು ಸವೆದರೆ ಸದ್ದಿನಲ್ಲೇ ಹೇಳುತ್ತಾನೆ. ಡ್ರೈಯರ್ ನಿಂತರೆ ರಾತ್ರಿ ಎರಡು ಗಂಟೆಗೆ ಅವನನ್ನೇ ಕರೆಯುತ್ತಾರೆ, ವೆಲ್ಡಿಂಗೂ ಅವನದೇ. ಆದರೆ ಚೆಕ್‌ರೋಲಿನಲ್ಲಿ ಅವನು 'ಫ್ಯಾಕ್ಟರಿ ಕಾರ್ಮಿಕ'. ಸರ್ವಿಸ್ ಸರ್ಟಿಫಿಕೇಟ್ ಕೇಳಿದರೆ ಅದೇ ಎರಡು ಪದ. ಫಿಟರ್, ವೆಲ್ಡರ್, ಮೆಕ್ಯಾನಿಕ್, ಅಡುಗೆಯವರು ಇವರೆಲ್ಲ ಅಲ್ಲಿ ಕುಶಲ ಕೆಲಸಗಾರರೇ. ೨೦೨೪ರ ನವೆಂಬರ್ ೨೩ರಿಂದ, ಎರಡು ವರ್ಷ ಬೇಕಿದ್ದ ಅನುಭವವನ್ನು ಒಂದು ವರ್ಷಕ್ಕೆ ಇಳಿಸಿದರು. ಆದರೆ ಆ ಅನುಭವ ಕಾಗದದಲ್ಲಿರಬೇಕು. ಯಾವ ಕೆಲಸ, ಎಷ್ಟು ಕಾಲ, ದಿನಕ್ಕೆ ಏನೇನು ಮಾಡುತ್ತಿದ್ದ ಎಂದು ಮಾಲೀಕ ಬರೆದುಕೊಡಬೇಕು. ಹದಿನೇಳು ವರ್ಷ ಕೈಯಲ್ಲಿದ್ದರೂ ಕಾಗದದಲ್ಲಿ ಒಂದು ದಿನವೂ ಇಲ್ಲ. ಅವನು ಪರದೇಶಕ್ಕೇ ಹೋಗಬೇಕೆಂದಿಲ್ಲ. ಕೋಯಮತ್ತೂರಿನ ಕಾರ್ಖಾನೆಗೆ ಹೋದರೂ ಇದೇ ಕಾಗದ ಕೇಳುತ್ತಾರೆ. ಫಿಟರ್ ಎಂದು ಬರೆದುಕೊಟ್ಟರೆ ಫಿಟರಿನ ಸಂಬಳ ಕೇಳುತ್ತಾನೆ ಎಂಬ ಭಯ ಆಫೀಸಿನವರಿಗಿದೆ ಎಂದು ನಾವು ತಿಳಿದಿದ್ದೇವೆ. ಕೇಳಲಿ.

ಎಲೆ ಕೀಳುವ ನಮ್ಮ ಹೆಂಗಸರ ಕೈಯ ಕೆಲಸ ಆ ದೇಶದ ಪಟ್ಟಿಯಲ್ಲಿ ಕುಶಲವೆಂದು ಸೇರಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ. ಎರಡ್ಲೆ ಮೊಗ್ಗು ನೋಡಿ ಕೀಳಲು ಬಾರದ ಯಾರಾದರೂ ಒಂದು ದಿನ ಬಂದು ಕಿತ್ತು ತೋರಿಸಲಿ.

ಆ ಊರಿನ ಮಾಲೀಕರಿಗೆ ಇರುವ ಹಾಗೆ ನಮಗೂ ತಿಂಗಳಿಗೊಂದು ಪ್ರಕಟಣೆ, ತಿಂಗಳಿಗೊಂದು ಸಭೆ ಬೇಕೆಂಬುದು ನಮ್ಮ ಅಭಿಪ್ರಾಯ. ಮಾಲೀಕನನ್ನು ಕಟ್ಟಿಹಾಕುವ ಒಂದೊಂದು ನಿಯಮವೂ ಕೆಲಸಗಾರನ ಆಸ್ತಿ. ಆಸ್ತಿಯ ಪತ್ರ ಪರರ ಪೆಟ್ಟಿಗೆಯಲ್ಲಿದ್ದರೆ ಪ್ರಯೋಜನವಿಲ್ಲ. ಟೀಚರಮ್ಮ ಓದಿ ಹೇಳಲು ಒಪ್ಪಿದ್ದಾರೆ. ಫೋನಿನಲ್ಲಿ ಏಜೆಂಟರ ಪಟ್ಟಿ ನೋಡುವುದನ್ನು ನಮ್ಮ ಯುವಕ ಸಂಘದ ಹುಡುಗರು ಕಲಿತಿದ್ದಾರೆ. ಫ್ಯಾಕ್ಟರಿಯ ಅಣ್ಣನ ಸರ್ಟಿಫಿಕೇಟಿಗೆ ಅವನು ಮಾಡುವ ಕೆಲಸಗಳನ್ನೆಲ್ಲ ಒಂದು ಪುಟದಲ್ಲಿ ಬರೆದು ಮ್ಯಾನೇಜರ್ ದೊರೆಗಳಿಗೆ ಕೊಟ್ಟಿದ್ದೇವೆ. ಹೆಡ್ಡಾಫೀಸಿಗೆ ಬರೆಯುತ್ತೇನೆ ಎಂದಿದ್ದಾರೆ. ಬೋನಸ್ ಮಾತುಕತೆಯ ದಿನ ಮತ್ತೆ ಕೇಳುತ್ತೇವೆ.

ಬರುವ ತಿಂಗಳ ಎರಡನೆಯ ಭಾನುವಾರ ಆರಾಧನೆಯಾದ ಮೇಲೆ ಜಗಲಿಯಲ್ಲಿ ಕೂರುತ್ತೇವೆ. ಮಳೆ ಇದ್ದರೂ ಇಲ್ಲದಿದ್ದರೂ ಕೂರುತ್ತೇವೆ. ಬೇರೆ ಸಭೆಯವರೂ, ಬೇರೆ ಧರ್ಮದವರೂ, ಜಾರ್ಖಂಡಿನ ಹುಡುಗರೂ ಬರಬಹುದು. ಏಜೆಂಟ್ ಕೊಟ್ಟ ಕಾಗದ ಯಾವುದಿದ್ದರೂ ತನ್ನಿ. ದುಡ್ಡು ಕೊಡುವ ಮೊದಲೇ ತಂದರೆ ಒಳ್ಳೆಯದು, ಕೊಟ್ಟಾಗಿದ್ದರೂ ತನ್ನಿ. ಚಿಕ್ಕಮ್ಮ ತಮ್ಮದನ್ನು ತರುತ್ತೇನೆಂದಿದ್ದಾರೆ, ಆ ಪಿ.ಎಫ್. ಅರ್ಜಿಯ ನಕಲನ್ನು ನಾವು ತರುತ್ತೇವೆ.